ಹಿತ್ತಲ ಗೋಡೆಯ ಕಿಂಡಿ

1/9 · ಮೂರೇ ಅಂಚಿನ ನೆಲ

ಎರಡು ತಿಂಗಳಿಂದ ಪೋಸ್ಟ್ ಯಾಕಿಲ್ಲ, ಬೆಳಗಿನ ಕ್ಲಾಸಿಗೆ ಯಾಕೆ ಚಕ್ಕರ್, ಬ್ಯಾಗ್ ಮೇಲೆಲ್ಲ ಯಾಕೆ ಸುಣ್ಣದ ಧೂಳು ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: ನಾವು ಮನೆ ತಗೊಂಡ್ವಿ.

ಹೊಸ ಮನೆ ಅಲ್ಲ. ಮೈಸೂರಿನ ಒಂದು ಹಳೇ ಬಡಾವಣೆಯಲ್ಲಿ, 1930ರ ದಶಕದ ಮನೆ. ಯಾವ ಬೀದಿ ಅಂತ ಹೇಳಲ್ಲ, ಅಮ್ಮ ಬೈತಾರೆ. ಅದೂ ಇಡೀ ಮನೆ ಅಲ್ಲ, ಅರ್ಧ ಮನೆ. ಕಟ್ಟಿಸಿದವರ ಇಬ್ಬರು ಗಂಡುಮಕ್ಕಳು 1960ರ ಸುಮಾರಿಗೆ ಪಾಲು ಮಾಡ್ಕೊಂಡಾಗ ಹಾಲ್ ಮಧ್ಯೆ ಒಂದು ಗೋಡೆ ಎಬ್ಬಿಸಿದ್ರಂತೆ. ಎಡಗಡೆ ಪಾಲು ಈಗ ನಮ್ಮದು.

ಮೊದಲನೇ ಫೋಟೋ ಸರಿಯಾಗಿ ನೋಡಿ. ಕೆಂಪು ನೆಲಕ್ಕೆ ಕಪ್ಪು ಅಂಚು ಇದೆ ಅಲ್ವಾ? ಎಣಿಸಿ. ಮೂರೇ ಕಡೆ ಇದೆ. ನಾಲ್ಕನೇ ಅಂಚು ಗೋಡೆಯಾಚೆ, ಪಕ್ಕದ ಮನೆಯವರ ಟಿ.ವಿ. ಸ್ಟ್ಯಾಂಡ್ ಕೆಳಗೆ ಇದೆ.

ಮನೆ ಹುಡುಕೋಕೆ ಶುರು ಮಾಡಿದಾಗ ಅಪ್ಪ ಒಂದು ಪಟ್ಟಿ ಬರೆದಿದ್ರು. 30–40 ಸೈಟು. ಪೂರ್ವಕ್ಕೆ ಬಾಗಿಲು. ಆಗ್ನೇಯಕ್ಕೆ ಅಡುಗೆಮನೆ. ಕಾರ್ ನಿಲ್ಲಿಸೋಕೆ ಜಾಗ. ಅಮ್ಮ ಪಾಠ ಮಾಡೋ ಸ್ಕೂಲಿಗೆ ನಡೆದು ಹೋಗೋಷ್ಟು ಹತ್ತಿರ. ಎರಡು ವರ್ಷ ತಿರುಗಿ, 28 ಮನೆ ನೋಡಿದ ಮೇಲೆ ಆ ಪಟ್ಟಿಯಲ್ಲಿ ಉಳಿದದ್ದು ಕೊನೇ ಸಾಲು ಒಂದೇ. ಮಿಕ್ಕಿದ್ದನ್ನೆಲ್ಲ ಅಪ್ಪ ಒಂದೊಂದಾಗಿ, ಒಂದೊಂದು ಭಾನುವಾರ, ಪೆನ್ನಿಂದ ಹೊಡೆದು ಹಾಕಿದ್ರು.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತಾರಲ್ಲ, ಅದಕ್ಕೆ "ಹಳೇ ಮನೆ ರಿಪೇರಿ ಮಾಡಿಸಿ ನೋಡು" ಅಂತಾನೂ ಸೇರಿಸಬೇಕು. ನಾನು ಹಿಸ್ಟರಿ ಓದೋಳು. ಗೋಡೆ ಕೆರೆದಂತೆಲ್ಲ ಒಂದೊಂದು ಪದರದಲ್ಲೂ ಯಾರೋ ಯಾವುದಕ್ಕೋ ಹೆದರಿದ್ದು, ಯಾರೋ ಯಾವುದನ್ನೋ ಬಿಟ್ಟುಕೊಟ್ಟಿದ್ದು ಕಾಣ್ತಾ ಹೋಯ್ತು. ಕೊನೆಗೆ ಹಿತ್ತಲ ಗೋಡೆಯಲ್ಲಿ ಒಂದು ಕಿಂಡಿ ಸಿಕ್ತು. ಈ ಸರಣಿ ಬರೀತಿರೋದೇ ಆ ಕಿಂಡಿಗೋಸ್ಕರ. ಆದ್ರೆ ಅಲ್ಲಿಗೆ ತಲುಪೋಕೆ 1897ರಿಂದ ಹೊರಡಬೇಕು. ಬನ್ನಿ.

2/9 · ಅರಮನೆಯವರ ಮನೆ ಕೆಲಸ

ನಮ್ಮ ಮನೆ ಕೆಲಸ 45 ದಿನದಲ್ಲಿ ಮುಗಿಯುತ್ತೆ ಅಂತ ಮೇಸ್ತ್ರಿ ಹೇಳಿದ್ರು. 45ನೇ ದಿನ ಬಚ್ಚಲಿಗೆ ಬಾಗಿಲೇ ಇರಲಿಲ್ಲ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತಾಗ ನಾನು ಒಂದು ಕಥೆ ಹೇಳಿ ಸಮಾಧಾನ ಮಾಡಿದೆ. ನಿಮಗೂ ಹೇಳ್ತೀನಿ.

ಮೈಸೂರು ಅರಮನೆ ಮುಂದೆ ನಾವೆಲ್ಲ ಸೆಲ್ಫಿ ತಗೊಂಡಿದ್ದೀವಿ. ಆದ್ರೆ ಅದು ಬೆಂಕಿ ಬಿದ್ದ ಮನೆಯ ಜಾಗದಲ್ಲಿ ಕಟ್ಟಿದ ಮನೆ ಅನ್ನೋದು ಎಷ್ಟು ಜನಕ್ಕೆ ನೆನಪಿರುತ್ತೆ? ಅಲ್ಲಿದ್ದ ಹಳೇ ಅರಮನೆಯಲ್ಲಿ ಹೆಚ್ಚಿನ ಭಾಗ ಮರದ್ದು. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಅದು ಸುಟ್ಟುಹೋಯ್ತು. ಆಗ ಅರಸರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ 12 ವರ್ಷ. ರಾಜ್ಯ ನೋಡಿಕೊಳ್ತಿದ್ದದ್ದು ಅವರ ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಹೊಸ ಅರಮನೆ ಕಟ್ಟೋ ಕೆಲಸವನ್ನ ಅವರು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ಒಪ್ಪಿಸಿದರು.

ಕೆಲಸ ಮುಗಿದದ್ದು 1912ರಲ್ಲಿ. ಅಂದ್ರೆ 15 ವರ್ಷ. ಖರ್ಚು 41 ಲಕ್ಷ ರೂಪಾಯಿಗೂ ಮೇಲೆ. ಅಲ್ಲೀವರೆಗೆ ರಾಜಮನೆತನ ಇದ್ದದ್ದು ಪಕ್ಕದ ಜಗನ್ಮೋಹನ ಅರಮನೆಯಲ್ಲಿ. 1902ರಲ್ಲಿ ನಾಲ್ವಡಿಯವರು ಪೂರ್ಣಾಧಿಕಾರ ವಹಿಸಿಕೊಂಡ ಸಮಾರಂಭ ಕೂಡ ಅಲ್ಲೇ ನಡೀತು, ವೈಸರಾಯ್ ಕರ್ಜನ್ ಸಮ್ಮುಖದಲ್ಲಿ. ನಮ್ಮ ಮಾತಲ್ಲಿ ಹೇಳೋದಾದ್ರೆ, ಹೊಸ ಮನೆ ಕೆಲಸ ಮುಗೀದೇ ಇದ್ದದ್ದಕ್ಕೆ ಫಂಕ್ಷನ್ ಬೇರೆ ಕಡೆ ಮಾಡಿದ್ರು.

ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಕಲ್ಯಾಣಮಂಟಪದ ಎತ್ತರದ ಕಂಬಗಳನ್ನ ನೆನಪಿಸಿಕೊಳ್ಳಿ. ಅವು ಮರದ್ದಲ್ಲ, ಎರಕದ ಕಬ್ಬಿಣ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದು ತರಿಸಿದ್ದು. ಒಂದು ಸಲ ಬೆಂಕಿ ಕಂಡವರು ಮುಂದಿನ ಮನೆಗೆ ಕಬ್ಬಿಣ, ಕಲ್ಲು, ಇಟ್ಟಿಗೆ ಆರಿಸಿಕೊಂಡ್ರು.

ಮನೆ ಯಾವಾಗ್ಲೂ ಹೀಗೇ. ನಾವು ಆಸೆಯಿಂದ ಕಟ್ತೀವಿ ಅಂದ್ಕೊಳ್ತೀವಿ, ಅರ್ಧ ಭಾಗ ಭಯ ಕಟ್ಟಿರುತ್ತೆ. ಅರಮನೆಗೆ ಬೆಂಕಿಯ ಭಯ. ಊರಿಗೆ ಬಂದ ಭಯ ಬೇರೇದೇ ಇತ್ತು.

3/9 · ಇಲಿ, ಗಾಳಿ, ಬೆಳಕು

1896ರಲ್ಲಿ ಬಾಂಬೆಯಲ್ಲಿ ಪ್ಲೇಗ್ ಕಾಣಿಸಿಕೊಳ್ತು. ರೈಲು ಹೋದ ಕಡೆಗೆಲ್ಲ ರೋಗಾನೂ ಹೋಯ್ತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು, ಅದೇ ಅಲೆ ಮೈಸೂರಿಗೂ ಬಂತು. ಬೆಂಗಳೂರಲ್ಲಿ ಇವತ್ತಿಗೂ ಪ್ಲೇಗಮ್ಮನ ಗುಡಿ ಇದೆ ಅಂದ್ರೆ ಆ ಭಯ ಎಷ್ಟು ಆಳಕ್ಕೆ ಇಳಿದಿತ್ತು ಯೋಚಿಸಿ.

ಇಲಿ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತೆ ಅಂತ ಪೌಲ್-ಲೂಯಿ ಸಿಮಾಂಡ್ ತೋರಿಸಿದ್ದು 1898ರಲ್ಲಿ. ಆದ್ರೆ ಅದನ್ನ ವೈದ್ಯಲೋಕ ಒಪ್ಪೋಕೆ ಇನ್ನೂ ಕೆಲವು ವರ್ಷ ಹಿಡೀತು. ಅಲ್ಲೀವರೆಗೆ ಸರ್ಕಾರಗಳು ಅನುಮಾನಪಟ್ಟದ್ದು ಕತ್ತಲೆ, ಕೊಳಕು, ಕೆಟ್ಟ ಗಾಳಿಯನ್ನ. ಅಂದ್ರೆ ಜನರ ಮನೆಗಳನ್ನ. ಅಧಿಕಾರಿಗಳು ಮನೆಗೆ ನುಗ್ಗಿ ಸಾಮಾನು ಸುಟ್ಟರು, ಬಿಸಿಲು ಬೀಳ್ಲಿ ಅಂತ ಹಂಚು ತೆಗೆಸಿದರು, ಸುಣ್ಣ ಹೊಡೆಸಿದರು, ಮನೆಮಂದಿಯನ್ನ ಊರಾಚೆ ಶೆಡ್ಡಿಗೆ ಕಳಿಸಿದರು. ಜನ ಸುಮ್ನಿರಲಿಲ್ಲ. ನಮ್ಮ ಪಕ್ಕದ ಶ್ರೀರಂಗಪಟ್ಟಣದ ಗಂಜಾಂನಲ್ಲಿ 1898ರಲ್ಲಿ ಗಲಭೆಯೇ ಆಯ್ತು. ಸ್ವಂತ ಮನೆ ಬಾಗಿಲು ಒಡೆದು ಒಳಗೆ ಬಂದ್ರೆ ಯಾರು ತಾನೆ ಸುಮ್ನಿರ್ತಾರೆ?

ಒಡೆದದ್ದರ ಜೊತೆಗೆ ಕಟ್ಟೋ ಕೆಲಸಾನೂ ನಡೀತು. 1898ರಲ್ಲಿ ಬಾಂಬೆಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು. ಬೆಂಗಳೂರಲ್ಲಿ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೇಗ ಬೆಳೆದವು. 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ದೇಶದಲ್ಲೇ ಇಂಥ ಮೊದಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಹಳಬರು ಈಗಲೂ "ಸಿ.ಐ.ಟಿ.ಬಿ. ಸೈಟು" ಅಂತಾರಲ್ಲ, ಅದೇ. 1988ರಲ್ಲಿ ಅದರ ಜಾಗಕ್ಕೆ ಮುಡಾ ಬಂತು. ಬೆಂಗಳೂರಿನ ಸಿ.ಐ.ಟಿ.ಬಿ. ಹುಟ್ಟಿದ್ದು 1945ರಲ್ಲಿ, ಅದು ಬಿ.ಡಿ.ಎ. ಆಗಿದ್ದು 1976ರಲ್ಲಿ.

ನೇರ ರಸ್ತೆ, ಮನೆಗೆ ಮನೆ ಅಂಟದ ಹಾಗೆ ಸುತ್ತ ಜಾಗ, ಗೋಡೆ ಮೇಲ್ಗಡೆ ವೆಂಟಿಲೇಟರ್. ಎರಡನೇ ಫೋಟೋದಲ್ಲಿ ಹಗ್ಗ ಎಳೆದು ತೆಗೆಯೋ ಆ ಪುಟ್ಟ ಕಿಟಕಿ ಇದೆ ನೋಡಿ, "ಎಷ್ಟು ಕ್ಯೂಟ್" ಅಂದ್ಲು ನನ್ನ ಫ್ರೆಂಡ್. ಅದು ಪ್ಲೇಗ್ ಕಾಲದ ಪಾಠ ಕಣೇ. ಕೆಟ್ಟ ಗಾಳಿ ಹೊರಗೆ ಹೋಗ್ಲಿ ಅಂತ.

4/9 · ಗಲ್ಲಿಗೊಂದು ಹೆಸರು

ಈಗ ಮೂರನೇ ಫೋಟೋ. ನಮ್ಮ ಮನೆ ಹಿಂದಿನ ಗಲ್ಲಿ.

ಮೈಸೂರು, ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇರೋರಿಗೆ ಇದು ಗೊತ್ತಿರುತ್ತೆ. ಎರಡು ರಸ್ತೆಗಳ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರ್ತವೆ, ಮಧ್ಯೆ ಒಂದು ಸಣ್ಣ ಓಣಿ. ಯಾವ ಮನೆಯ ಮುಂಬಾಗಿಲೂ ಅದರ ಕಡೆ ತಿರುಗಿರಲ್ಲ. ನಾವು ಕ್ರಿಕೆಟ್ ಆಡಿದ್ದು, ಸೈಕಲ್ ಕಲಿತದ್ದು ಇಂಥ ಓಣಿಯಲ್ಲೇ. ಅಜ್ಜಿ ಅದನ್ನ "ಕನ್ಸರ್‌ವೆನ್ಸಿ" ಅಂತಿದ್ರು. ಅದು ಯಾವುದೋ ಇಂಗ್ಲಿಷ್ ದೊರೆಯ ಹೆಸರು ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ನಗಬೇಡಿ.

ಕನ್ಸರ್‌ವೆನ್ಸಿ ಅಂದ್ರೆ ನಗರದ ನೈರ್ಮಲ್ಯದ ಕೆಲಸ. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಮನೆ ಒಳಗೆ ಇರ್ತಿರಲಿಲ್ಲ, ಹಿತ್ತಲ ತುದಿಯಲ್ಲಿ ಇರ್ತಿತ್ತು. ನೀರಿನ ಫ್ಲಶ್ ಇರಲಿಲ್ಲ. ಅಲ್ಲಿ ಸೇರಿದ್ದನ್ನ ದಿನಾ ಯಾರೋ ಬಂದು ಎತ್ತಿಕೊಂಡು ಹೋಗಬೇಕಿತ್ತು. ಅವರು ಮನೆ ಮುಂದಿನಿಂದ ಬರೋ ಹಾಗಿರಲಿಲ್ಲ. ಅವರಿಗಾಗಿ ಮಾಡಿದ ದಾರಿ ಈ ಓಣಿ.

ಬಡಾವಣೆಯ ನಕ್ಷೆಯನ್ನ ಮೇಲಿಂದ ನೋಡಿದ್ರೆ ಎಷ್ಟು ಅಚ್ಚುಕಟ್ಟು ಅನ್ನಿಸುತ್ತೆ. ಮುಂದೆ ಅಗಲವಾದ ರಸ್ತೆ, ಮರ, ಗೇಟು. ಹಿಂದೆ ಸಣ್ಣ ದಾರಿ. ಆದ್ರೆ ಅದು ಬರೀ ಎರಡು ದಾರಿ ಅಲ್ಲ, ಎರಡು ಥರದ ಜನ ಅನ್ನೋ ಲೆಕ್ಕ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಂಗಳಲ್ಲಿ ಸೈಟುಗಳನ್ನೇ ಜಾತಿವಾರು ಗುಂಪು ಮಾಡಿ ಹಂಚಿದ್ದನ್ನ ಚರಿತ್ರೆಕಾರರು ದಾಖಲಿಸಿದ್ದಾರೆ. ಹೊಸ ನಗರಕ್ಕೆ ಹೊಸ ಗಾಳಿ ಬಂತು, ಹೊಸ ಬೆಳಕು ಬಂತು. ಹಳೇ ಜಾತಿಯೂ ಗಾಡಿ ಹತ್ತಿ ಜೊತೆಗೇ ಬಂತು.

ಇದನ್ನ ನೆನಪಲ್ಲಿ ಇಟ್ಕೊಂಡಿರಿ. ಮತ್ತೆ ಈ ಗಲ್ಲಿಗೆ ಬರ್ತೀವಿ. ಈಗ ಮನೆ ಒಳಗೆ ಹೋಗೋಣ.

5/9 · ತಾರಸಿ, ಹಂಚು, ನೆಲ

ನಮ್ಮ ಮನೆಯ ಮುಂದಿನ ಭಾಗಕ್ಕೆ ಮದ್ರಾಸ್ ತಾರಸಿ. ತೇಗದ ತೊಲೆ ಸಾಲಾಗಿ ಇಟ್ಟು, ಅದರ ಮೇಲೆ ತೆಳು ಇಟ್ಟಿಗೆಯನ್ನ ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ದಿನಗಟ್ಟಲೆ ಮರದ ಕೊಡತಿಯಲ್ಲಿ ಬಡೀತಾರೆ. ಕಬ್ಬಿಣದ ಸರಳು ಒಂದೂ ಇಲ್ಲ. ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಮಲಗಬಹುದು, ಅಷ್ಟು ತಂಪು.

ಹಿಂದಿನ ಭಾಗಕ್ಕೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ ದಡದ ಜೇಡಿಮಣ್ಣು, ಒಂದಕ್ಕೊಂದು ಕಚ್ಚಿಕೊಳ್ಳೋ ಆಕಾರ. ನಾಡಹಂಚನ್ನ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಕೈಯಾಡಿಸಬೇಕು, ಇದಕ್ಕೆ ಅಷ್ಟು ತೊಂದರೆ ಇಲ್ಲ. ಹಾಗಾಗಿ ಅದು ಊರೂರಿಗೂ ಹರಡ್ತು.

ನಮ್ಮ ಮನೆಯಲ್ಲಿ ದೊಡ್ಡ ಜಗಳ ಆಗಿದ್ದು ನೆಲಕ್ಕೆ. ಸಿಮೆಂಟಿಗೆ ಐರನ್ ಆಕ್ಸೈಡ್ ಪುಡಿ ಕಲಸಿ, ತೆಳುವಾಗಿ ಎಳೆದು, ನುಣುಪಾಗೋವರೆಗೆ ಕರಣೆಯಲ್ಲಿ ಉಜ್ಜಿ, ದಿನಗಟ್ಟಲೆ ನೀರು ಕಟ್ಟಿ ಮಾಡಿದ ನೆಲ ಅದು. ರೀಲ್ಸ್‌ನಲ್ಲಿ ಇವತ್ತು ಭಾರಿ ಫ್ಯಾಷನ್. "ಇದನ್ನ ಒಡೆದ್ರೆ ಪಾಪ ಬರುತ್ತೆ" ಅಂತ ನಾನು ಕೂಗಾಡಿದೆ. ಅಮ್ಮ ಒಂದೇ ಮಾತು ಕೇಳಿದ್ರು: "ಒರೆಸೋಳು ನೀನಾ, ನಾನಾ?"

ಅಮ್ಮನಿಗೆ ಮಂಡಿ ನೋವು. ನೆಲ ಐದು ಕಡೆ ಬಿರುಕು ಬಿಟ್ಟಿದೆ, ಒದ್ದೆ ಆದ್ರೆ ಜಾರುತ್ತೆ. ಹೊಸದಾಗಿ ಅದೇ ಬಣ್ಣ ಬರೋ ಹಾಗೆ ತೇಪೆ ಹಾಕೋ ಕೈ ಊರಲ್ಲಿ ಈಗ ಕಡಿಮೆ. ಇದ್ದವರು ಕೇಳೋ ಕೂಲಿ ಟೈಲ್ಸ್ ಹಾಕಿಸೋದಕ್ಕಿಂತ ಜಾಸ್ತಿ. ಹಳೇದು ಅಂದ್ರೆ ಬಡವರ ಮನೆ ಅಂತಿದ್ದ ಕಾಲ ಹೋಗಿ, ಹಳೇದನ್ನ ಉಳಿಸ್ಕೊಳ್ಳೋಕೆ ದುಡ್ಡಿರಬೇಕು ಅನ್ನೋ ಕಾಲ ಬಂದಿದೆ.

ಕೊನೆಗೆ ರಾಜಿ ಆಯ್ತು. ಹಾಲ್ ಕೆಂಪಾಗೇ ಉಳೀತು, ಬಿರುಕಿನ ಸಮೇತ. ಅಡುಗೆಮನೆಗೂ ಬಚ್ಚಲಿಗೂ ಜಾರದ ಟೈಲ್ಸ್. ಭಾನುವಾರ ಹಾಲ್ ಒರೆಸೋದು ನನ್ನ ಪಾಲಿಗೆ ಬಂತು. ಪಾರಂಪರಿಕ ಕಟ್ಟಡ ಉಳಿಸಿ ಅಂತ ಸ್ಟೇಟಸ್ ಹಾಕೋರೆಲ್ಲ ಒಂದು ಸಲ ಬಂದು ಒರೆಸಿ ಹೋಗಿ, ದಯವಿಟ್ಟು.

6/9 · ಚೀಟಿ ಇದ್ರೆ ಸಿಮೆಂಟು

ನಾಲ್ಕನೇ ಫೋಟೋ ಚೆನ್ನಾಗಿಲ್ಲ, ಬೇಕು ಅಂತಲೇ ಹಾಕಿದ್ದೀನಿ. ಮನೆ ಮಧ್ಯದ ಒಂದು ರೂಮಿನ ಸೀಲಿಂಗ್. 1970ರ ದಶಕದಲ್ಲಿ ಹಳೇ ಹಂಚು ತೆಗೆದು ಆರ್.ಸಿ.ಸಿ. ಹಾಕಿಸಿದ್ರಂತೆ. ಕಾಂಕ್ರೀಟ್ ಉದುರಿ, ಒಳಗಿನ ಸರಳು ತುಕ್ಕು ಹಿಡಿದು ಪಕ್ಕೆಲುಬಿನ ಹಾಗೆ ಕಾಣ್ತಿದೆ ನೋಡಿ.

ತಮಾಷೆ ಅಂದ್ರೆ, 90 ವರ್ಷದ ಸುಣ್ಣದ ತಾರಸಿ ಗಟ್ಟಿಯಾಗಿದೆ, 50 ವರ್ಷದ ಕಾಂಕ್ರೀಟ್ ಬೀಳ್ತಿದೆ. ಕಾರಣ ಸರಳ. ಸರಳಿನ ಸುತ್ತ ಕಾಂಕ್ರೀಟ್ ತೆಳುವಾಗಿದ್ರೆ ಗಾಳಿ, ನೀರು ಒಳಗೆ ಇಳಿಯುತ್ತೆ. ಕಬ್ಬಿಣ ತುಕ್ಕಾದ್ರೆ ಹಿಗ್ಗುತ್ತೆ. ಹಿಗ್ಗಿದ್ದು ಕಾಂಕ್ರೀಟನ್ನ ಒಳಗಿಂದಲೇ ಸೀಳುತ್ತೆ.

ಆದ್ರೆ ಯಾಕೆ ತೆಳುವಾಗಿ ಹಾಕಿದ್ರು? ಮೇಸ್ತ್ರಿ "ಕಳ್ಳ ಕೆಲಸ" ಅಂದ್ರು. ನಾನು ಹಾಗೆ ಹೇಳಲ್ಲ. ಆ ಕಾಲದಲ್ಲಿ ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಕೈಯಲ್ಲಿತ್ತು. ಮನೆ ಕಟ್ಟೋರು ಅರ್ಜಿ ಹಾಕಿ, ಪರ್ಮಿಟ್ ಪಡೆದು, ಬಂದಷ್ಟು ಚೀಲಕ್ಕೆ ತೃಪ್ತಿ ಪಡಬೇಕು. ಸಾಲದಿದ್ರೆ ಕಾಳಸಂತೆ. ಸಿಮೆಂಟ್ ಎಷ್ಟು ದೊಡ್ಡ ವಿಷಯ ಆಗಿತ್ತು ಅಂದ್ರೆ, 1982ರ ಜನವರಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ಸಿಮೆಂಟ್ ಹಂಚಿಕೆ ಮತ್ತು ದೇಣಿಗೆಯ ವಿವಾದದಲ್ಲಿ ರಾಜೀನಾಮೆ ಕೊಟ್ಟರು. ಅದೇ ವರ್ಷ ಕೇಂದ್ರ ಸರ್ಕಾರ ನಿಯಂತ್ರಣವನ್ನ ಭಾಗಶಃ ಸಡಿಲಿಸಿತು, 1989ರಲ್ಲಿ ಪೂರ್ತಿ ತೆಗೆದು ಹಾಕಿತು.

ದುಡ್ಡಿನ ಕಥೆಯೂ ಹಾಗೇ. ಇವತ್ತು ಮನೆ ಸಾಲದ ಫೋನ್ ಕಾಲ್ ದಿನಕ್ಕೆ ಮೂರು ಬರುತ್ತೆ. ಜನಸಾಮಾನ್ಯರಿಗೆ ಮನೆ ಸಾಲ ಕೊಡೋದಕ್ಕೆಂದೇ ಎಚ್.ಡಿ.ಎಫ್.ಸಿ. ಸಂಸ್ಥೆ ಹುಟ್ಟಿದ್ದು 1977ರಲ್ಲಿ. ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಬಂದಿದ್ದು 1988ರಲ್ಲಿ. ಅದಕ್ಕೆ ಮುಂಚೆ ಎಷ್ಟೋ ಮಂದಿಗೆ ಮನೆ ಅಂದ್ರೆ ಪಿ.ಎಫ್. ದುಡ್ಡು, ಚೀಟಿ ದುಡ್ಡು, ಹೆಂಡತಿಯ ಬಳೆ. ರಿಟೈರ್ ಆಗೋ ಹೊತ್ತಿಗೆ ಗೃಹಪ್ರವೇಶ.

ಆ ತೆಳು ಸ್ಲ್ಯಾಬ್ ನೋಡಿದಾಗ ನನಗೆ ಕಾಣೋದು ಕಳ್ಳತನ ಅಲ್ಲ. ಎರಡು ಚೀಲ ಕಮ್ಮಿ ಬಿದ್ದಾಗ ಒಬ್ಬ ಗುಮಾಸ್ತ ಮೇಸ್ತ್ರಿ ಮುಖ ನೋಡಿ "ಇದ್ದಷ್ಟರಲ್ಲೇ ಮುಗಿಸಪ್ಪ" ಅಂದಿರಬಹುದು. ಅವರು ಹಾಗೆ ಉಳಿಸಿದ್ದಕ್ಕೆ ಈಗ ನಾವು ದುಡ್ಡು ಕಟ್ತಿದ್ದೀವಿ.

7/9 · ಕಾಗದದ ಮನೆ

ಸ್ವಲ್ಪ ಬೋರ್ ಆಗಬಹುದು, ಆದ್ರೆ ಇದನ್ನ ಸೇವ್ ಮಾಡ್ಕೊಳ್ಳಿ. ಹತ್ತು ವರ್ಷದ ಮೇಲೆ ನನ್ನನ್ನ ನೆನೆಸ್ಕೊಳ್ತೀರ.

ಇಟ್ಟಿಗೆ ಮನೆಗಿಂತ ಮುಂಚೆ ಒಂದು ಕಾಗದದ ಮನೆ ಇರುತ್ತೆ. ಕ್ರಯಪತ್ರ, ಅದರ ಹಿಂದಿನ ಮೂಲಪತ್ರ, ವಿಭಾಗಪತ್ರ, ಇ.ಸಿ., ಖಾತಾ, ಕಂದಾಯದ ರಸೀತಿ. ನಮ್ಮ ಮನೆಗೆ 1930ರ ದಶಕದ ಒಂದು ಮೂಲಪತ್ರ ಇದೆ. ಅಕ್ಷರ ಮುತ್ತಿನ ಹಾಗಿದೆ, ಅರ್ಧ ಅರ್ಥ ಆಗಲ್ಲ. ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ "ಕನ್ಸರ್‌ವೆನ್ಸಿ ಓಣಿ" ಅಂತ ಬರೆದಿದೆ. ನಮ್ಮ ಜಾಗ ಎಲ್ಲಿ ಮುಗಿಯುತ್ತೆ ಅಂತ ಹೇಳೋ ಸಾಲು ಅದು.

ಎರಡು ವಿಷಯ ನನಗೆ ಗೊತ್ತೇ ಇರಲಿಲ್ಲ. ಒಂದು, ಖಾತಾ ಅಂದ್ರೆ ಮಾಲೀಕತ್ವ ಅಲ್ಲ. ಅದು ಆಸ್ತಿ ತೆರಿಗೆ ಯಾರ ಹೆಸರಲ್ಲಿ ಕಟ್ಟಬೇಕು ಅನ್ನೋ ಲೆಕ್ಕ, ಅಷ್ಟೆ. ಎರಡು, ರಿಜಿಸ್ಟ್ರೇಷನ್ ಆದ ತಕ್ಷಣ "ಇದು ನಿನ್ನದೇ" ಅಂತ ಸರ್ಕಾರ ಗ್ಯಾರಂಟಿ ಕೊಟ್ಟಂತೆ ಅಲ್ಲ. 1908ರ ನೋಂದಣಿ ಕಾಯ್ದೆ ನೋಂದಾಯಿಸೋದು ಪತ್ರವನ್ನ, ಹಕ್ಕನ್ನಲ್ಲ. ಮಾರಿದವನಿಗೆ ಮಾರೋ ಹಕ್ಕಿತ್ತಾ ಅಂತ ಹುಡುಕಬೇಕಾದ್ದು ಕೊಳ್ಳೋರ ಕೆಲಸ. ಅದಕ್ಕೇ ವಕೀಲರು ಹಳೇ ಪಾಲಿನ ಪತ್ರ ಹಿಡಿದು "ಹೆಣ್ಣುಮಕ್ಕಳ ಸಹಿ ಎಲ್ಲಿ?" ಅಂತ ಕೇಳಿದ್ದು. ಅವರನ್ನ ಹುಡುಕಿ, ಒಬ್ಬರ ಮನೆಗೆ ಮೂರು ಸಲ ಹೋಗಿ, ಕಾಫಿ ಕುಡಿದು, ಸಹಿ ಬರೋ ಹೊತ್ತಿಗೆ ನಾಲ್ಕು ತಿಂಗಳು. ಅಷ್ಟೂ ದಿನ ಅಡ್ವಾನ್ಸ್ ಅವರ ಹತ್ತಿರ, ನಿದ್ದೆಗೆಟ್ಟ ಅಪ್ಪ ನಮ್ಮ ಹತ್ತಿರ.

ಸಾಲದ ಲೆಕ್ಕವೂ ತಿಳ್ಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದಲ್ಲಿ 30 ಲಕ್ಷದವರೆಗಿನ ಮನೆ ಸಾಲ ಆಸ್ತಿ ಬೆಲೆಯ 90 ಪರ್ಸೆಂಟ್ ದಾಟುವಂತಿಲ್ಲ, 30ರಿಂದ 75 ಲಕ್ಷಕ್ಕೆ 80, ಅದಕ್ಕೂ ಮೇಲಾದ್ರೆ 75. ಮಿಕ್ಕಿದ್ದು ನಮ್ಮ ಜೇಬಿಂದ. ಸ್ಟಾಂಪ್ ಡ್ಯೂಟಿ, ವಕೀಲರ ಫೀಸು, ರಿಪೇರಿ ಬೇರೆ. ಅಮ್ಮನ ಎರಡು ಬಳೆ ಹೋಯ್ತು. 1970ರ ಆ ಗುಮಾಸ್ತರ ಮನೆಗೂ ನಮಗೂ ವ್ಯತ್ಯಾಸ ಎಷ್ಟು ಹೇಳಿ?

8/9 · ಕಿಂಡಿ

ಅಡುಗೆಮನೆ ತುಂಬಾ ಚಿಕ್ಕದು. 7 ಅಡಿ, 8 ಅಡಿ. ಹಿಂದೆ ಒಂದು ಪುಟ್ಟ ಸ್ಟೋರ್ ರೂಮು, ಅದರಾಚೆ ಗಲ್ಲಿ. ಮೇಸ್ತ್ರಿ ಒಂದು ಐಡಿಯಾ ಕೊಟ್ರು. "ಸಾರ್, ಆ ಕಡೆಯವರು ನಾಲ್ಕಡಿ ಗಲ್ಲಿಗೆ ಬಂದವ್ರೆ. ಈ ಕಡೆಯವರೂ ಬಂದವ್ರೆ. ನೀವೊಬ್ರು ಹಿಂದೆ ಉಳಿದ್ರೆ ನಷ್ಟ ನಿಮ್ಗೇ. ಈ ಗೋಡೆ ಕೆಡವಿ ಮುಂದಕ್ಕೆ ತಗೊಳಣ. ಯಾರೂ ಕೇಳಲ್ಲ."

ಅಪ್ಪ ಬೇಡ ಅನ್ನಲಿಲ್ಲ. ಅಮ್ಮನೂ ಅನ್ನಲಿಲ್ಲ. ನಿಜ ಹೇಳ್ತೀನಿ, ನಾನೂ ಅನ್ನಲಿಲ್ಲ. ನನಗೊಂದು ಓದೋ ಮೂಲೆ ಸಿಗುತ್ತೆ ಅಂತ ಲೆಕ್ಕ ಹಾಕಿದ್ದೆ.

ಮಾರನೇ ದಿನ ಸ್ಟೋರ್ ರೂಮಿನ ಗಾರೆ ಕೆರೆದ್ರು. ಗೋಡೆಯ ಬುಡದಲ್ಲಿ, ಮೊಣಕಾಲೆತ್ತರಕ್ಕೆ, ಒಂದೂವರೆ ಅಡಿ ಅಗಲದ ಒಂದು ಕಮಾನು ಕಾಣಿಸ್ತು. ಅದರೊಳಗೆ ಬೇರೆ ಥರದ ಇಟ್ಟಿಗೆ ಇಟ್ಟು ಮುಚ್ಚಿದ್ರು. ಗಲ್ಲಿ ಕಡೆಗೆ ತೆರೆದುಕೊಳ್ಳೋ ಕಿಂಡಿ. ಬೆಕ್ಕಿಗೆ ಮಾಡಿದ್ದಿರಬೇಕು ಅಂದ್ರು ಅಪ್ಪ. ಒಲೆ ಬೂದಿ ತೆಗೆಯೋಕೆ ಅಂದ್ರು ಅಮ್ಮ.

ಕೆಲಸಕ್ಕೆ ಬಂದಿದ್ದವರಲ್ಲಿ ಒಬ್ಬರು ವಯಸ್ಸಾದವರು, ನಾವೆಲ್ಲ ತಾತ ಅಂತಿದ್ವಿ. ಅವರು ಚಾಣ ಕೆಳಗಿಟ್ಟು ಎದ್ದು ನಿಂತ್ರು. "ಇದು ಕಕ್ಕಸಿನ ಕಿಂಡಿ ಕಣವ್ವ. ಒಳಗೆ ತಗಡು ಮಡಗಿರೋರು. ಗಲ್ಲಿಯಿಂದ ಕೈಯಾಕಿ ಎಳ್ಕೋಬೇಕು." ಸ್ವಲ್ಪ ಹೊತ್ತು ಬಿಟ್ಟು ಅಂದ್ರು, "ನಮ್ಮವ್ವ ಈ ಕೆಲಸ ಮಾಡ್ತಿದ್ಲು. ಈ ಬೀದಿ ಅಲ್ಲ, ಆ ಕಡೆ."

ಯಾರೂ ಮಾತಾಡಲಿಲ್ಲ. ಅಮ್ಮ ಒಳಗೆ ಹೋಗಿ ಎಲ್ರಿಗೂ ಟೀ ತಂದ್ರು. ತಾತ ಕುಡಿದು ಮತ್ತೆ ಕೆಲಸಕ್ಕೆ ಕೂತ್ರು.

ಚರಿತ್ರೆ ಪುಸ್ತಕದಲ್ಲಿ ಇದು ಎರಡು ಸಾಲು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸರ್ಕಾರದ ಪೌರಾಡಳಿತ ಸಚಿವ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನ ಕರ್ನಾಟಕದಲ್ಲಿ ನಿಷೇಧಿಸಿದರು. ಕೇಂದ್ರದ ಕಾನೂನು ಬಂದಿದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ಈ ಹೋರಾಟವನ್ನ ದೇಶದ ಮುಂದಿಟ್ಟ ಬೆಜವಾಡ ವಿಲ್ಸನ್ ನಮ್ಮ ಕೋಲಾರ ಚಿನ್ನದ ಗಣಿಯವರು, ಅವರ ಮನೆಯವರೂ ಇದೇ ಕೆಲಸಕ್ಕೆ ತಳ್ಳಲ್ಪಟ್ಟಿದ್ದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇವಿಷ್ಟೂ ನಾನು ಪರೀಕ್ಷೆಗೆ ಓದಿದ್ದೆ. 5 ಮಾರ್ಕಿನ ಪ್ರಶ್ನೆ.

ಆ ಪ್ರಶ್ನೆ ನಮ್ಮ ಮನೆ ಗೋಡೆಯಲ್ಲೇ ಇತ್ತು ಅಂತ ಗೊತ್ತಿರಲಿಲ್ಲ. ನಾವು ಈವರೆಗೆ ಮಾಡ್ಕೊಂಡ ರಾಜಿಗಳ ಬೆಲೆ ನಾವೇ ಕೊಟ್ವಿ. ಅಪ್ಪನ ಪಟ್ಟಿ, ಅಮ್ಮನ ಬಳೆ. ಆದ್ರೆ ಈ ಮನೆ "ಗಾಳಿ ಬೆಳಕಿನ ಮನೆ" ಆಗೋಕೆ ಮೊದಲ ದಿನದಿಂದ ಬೆಲೆ ಕೊಟ್ಟವರು ಬೇರೆ. ಅವರ ಹೆಸರು ಯಾವ ಕ್ರಯಪತ್ರದಲ್ಲೂ ಇಲ್ಲ. ಅವರು ನಡೆದ ದಾರಿ ಮಾತ್ರ ಚೆಕ್ಕುಬಂದಿಯಲ್ಲಿ ಇದೆ.

9/9 · ಗೋಡೆ ಅಲ್ಲೇ ಇದೆ

ಆಮೇಲೆ ಏನಾಯ್ತು ಅಂತ ಕೇಳ್ತೀರ.

ಗೋಡೆ ಮುಂದಕ್ಕೆ ಹೋಗಲಿಲ್ಲ. ಅಪ್ಪ ದೊಡ್ಡ ಆದರ್ಶದಿಂದ ಹಾಗೆ ಮಾಡಿದ್ರು ಅಂತ ಬರೆದ್ರೆ ಅವರೇ ನಗ್ತಾರೆ. ಗಲ್ಲಿ ಕಾರ್ಪೊರೇಷನ್‌ದು, ನಾಳೆ ಅಳತೆಗೆ ಬಂದು ಕೆಡವಿದ್ರೆ ಏನು ಗತಿ ಅನ್ನೋ ಭಯವೂ ಇತ್ತು. ಆದ್ರೆ ಆ ಸಂಜೆ ಅವರು ಮೇಸ್ತ್ರಿಗೆ ಹೇಳಿದ್ದು ಇಷ್ಟೇ: "ಬೇಡ ಬಿಡಿ. ಆ ಜಾಗ ನಮ್ದಲ್ಲ." ಎರಡು ಕಾರಣದಲ್ಲಿ ಯಾವುದು ದೊಡ್ಡದಿತ್ತು ಅಂತ ನಾನು ಕೇಳಿಲ್ಲ.

ನನಗೆ ಆ ಕಿಂಡಿಯನ್ನ ಹಾಗೇ ಉಳಿಸಬೇಕು ಅನ್ನಿಸಿತ್ತು. ಗಾಜು ಹಾಕಿ, ಪುಟ್ಟ ಬೋರ್ಡ್ ಇಟ್ಟು, ಮ್ಯೂಸಿಯಂ ಥರ. ಜೋರಾಗಿ ಭಾಷಣ ಮಾಡಿದೆ. ಆಮೇಲೆ ತಾತನನ್ನ ಕೇಳೋಣ ಅಂತ ಹೋದೆ.

ಅವರು ಕರಣೆ ತೊಳೀತಾ ಅಂದ್ರು, "ಮುಚ್ಚಿಬುಡಿ ಕಣವ್ವ. ಅಡುಗೆಮನೆ ಪಕ್ಕ ಅದ್ಯಾಕೆ ಬೇಕು. ನಮ್ಮವ್ವ ಅದ್ನ ನೋಡಿದ್ದು ಸಾಕು."

"ಹಾಗಾದ್ರೆ ಯಾರಿಗೂ ಗೊತ್ತಾಗಲ್ವಲ್ಲ ತಾತ?"

"ನೀನು ಓದೋಳಲ್ವಾ? ಬರಿ. ಗೋಡೇಲಿ ಬ್ಯಾಡ."

ಅವರೇ ಇಟ್ಟಿಗೆ ಇಟ್ಟು, ಗಾರೆ ಬಳಿದು, ಸಮ ಮಾಡಿದ್ರು. ಕೊನೇ ಫೋಟೋ ಅದಕ್ಕೆ ಒಂದು ಗಂಟೆ ಮುಂಚೆ ತೆಗೆದದ್ದು. ಅವರನ್ನ ಕೇಳಿಯೇ ಹಾಕಿದ್ದೀನಿ. ಅವರ ಮುಖ, ಹೆಸರು ಬೇಡ ಅಂದ್ರು, ಹಾಕಿಲ್ಲ.

ಹಳೇ ಮನೆಗಳ ಫೋಟೋ ನನಗೂ ಇಷ್ಟ. ಕೆಂಪು ನೆಲ, ತೇಗದ ಬಾಗಿಲು, ತುಳಸಿಕಟ್ಟೆ, ಮಳೆ. ಲೈಕ್ ಒತ್ತೋಣ, ತಪ್ಪಿಲ್ಲ. ಆದ್ರೆ "ಆ ಕಾಲವೇ ಚೆನ್ನಾಗಿತ್ತು" ಅಂತ ಕಾಮೆಂಟ್ ಹಾಕೋಕೆ ಮುಂಚೆ ಒಂದು ಸಲ ಮನೆ ಹಿಂದಕ್ಕೆ ಹೋಗಿ ಬನ್ನಿ. ಚೆನ್ನಾಗಿತ್ತು, ಯಾರಿಗೆ?

ನಿಮಗೊಂದು ಕೆಲಸ. ನಿಮ್ಮದು ಬಾಡಿಗೆ ಮನೆಯೋ, ಸ್ವಂತದ್ದೋ, ಹಾಸ್ಟೆಲ್ಲೋ, ಪರವಾಗಿಲ್ಲ. ಮನೆಯಲ್ಲಿ ದೊಡ್ಡವರನ್ನ ಮೂರು ಪ್ರಶ್ನೆ ಕೇಳಿ. ಈ ಮನೆಗಾಗಿ ನೀವು ಏನು ಬಿಟ್ಟುಕೊಟ್ರಿ? ಈ ಜಾಗದಲ್ಲಿ ಮೊದಲು ಏನಿತ್ತು? ಮನೆಯನ್ನ ಶುಚಿಯಾಗಿ ಇಟ್ಟವರು ಯಾವ ಬಾಗಿಲಿಂದ ಬರ್ತಿದ್ರು? ಮೊದಲನೇದಕ್ಕೆ ಎಲ್ರೂ ಉದ್ದ ಉತ್ತರ ಕೊಡ್ತಾರೆ. ಮೂರನೇದಕ್ಕೆ ಸ್ವಲ್ಪ ಹೊತ್ತು ಸುಮ್ಮನಾಗ್ತಾರೆ. ಕಾಯಿರಿ. ಹೇಳ್ತಾರೆ.

ಮುಂದಿನ ತಿಂಗಳು ಗೃಹಪ್ರವೇಶ. ಬಚ್ಚಲಿಗೆ ಬಾಗಿಲು ಬಂದಿದೆ. ತಾತನಿಗೂ ಅವರ ಮನೆಯವರಿಗೂ ಅಮ್ಮ ಮೊದಲೇ ಹೇಳಿ ಬಂದಿದ್ದಾರೆ. ಮುಂಬಾಗಿಲಿಂದ ಬನ್ನಿ ಅಂತ ಯಾರೂ ಬೇರೆ ಹೇಳಬೇಕಿಲ್ಲ, ಈಗ ಹಿಂದೆ ಬಾಗಿಲೇ ಇಲ್ಲ. ಅಡುಗೆಮನೆ ಮಾತ್ರ ಅದೇ 7 ಅಡಿ, 8 ಅಡಿ. ಊಟಕ್ಕೆ ಬರೋ ಫ್ರೆಂಡ್ಸೆಲ್ಲ ಹಾಲ್‌ನಲ್ಲೇ ಕೂತ್ಕೊಳ್ಳಿ, ಮೂರು ಅಂಚಿನ ಕೆಂಪು ನೆಲದ ಮೇಲೆ. ಭಾನುವಾರ ಒರೆಸೋಳು ನಾನು, ಸಾರು ಚೆಲ್ಲಬೇಡಿ.

#ಮನೆಯ_ಚರಿತ್ರೆ #ಹಳೇಮೈಸೂರು #ಹಿತ್ತಲ_ಗಲ್ಲಿ #ಕನ್ನಡದಲ್ಲಿ_ಇತಿಹಾಸ